ಮೂನಿ ಜಲಪಾತಕ್ಕೆ ಇಳಿಯುವ ಮುಂಚೆ

ಎರಡನೆಯ ಸುರಂಗದಿಂದ ಹೊರಗೆ ತಲೆ ಹಾಕಿದವಳು ಹಾಗೇ ನಿಂತುಬಿಟ್ಟೆ. ಅಲ್ಲಿಂದ ಮುಂದೆ ದಾರಿ ಅನ್ನುವಂಥದ್ದೇ ಇಲ್ಲ. ಬಂಡೆಗೆ ಹೊಡೆದ ಕಬ್ಬಿಣದ ಗೂಟಗಳು, ಗೂಟಗಳಿಗೆ ಬಿಗಿದ ಸರಪಳಿ, ಅದರ ಕೆಳಗೆ ಒದ್ದೆಯಾದ ಮರದ ಏಣಿಗಳು. ಜಲಪಾತದ ತುಂತುರು ಮುಖಕ್ಕೆ ಹೊಡೆಯುತ್ತಿತ್ತು. ಕೆಳಗಿನಿಂದ ಹತ್ತುವವರು ನಾಲ್ಕು ಜನ, ನನ್ನ ಹಿಂದೆ ಇಳಿಯಲು ಕಾದವರು ಆರೇಳು ಜನ. ಮೊಣಕಾಲು ನಡುಗತೊಡಗಿತು. ಹಿಂದೆ ನಿಂತಿದ್ದ ತಮ್ಮ, "ಅಕ್ಕ, ಆಗಲ್ಲ ಅನ್ಸಿದ್ರೆ ಈಗ ಬೇಡ. ನಾಳೆ ಬೆಳಿಗ್ಗೆ ಬರೋಣ, ಇನ್ನೂ ಎರಡು ದಿನ ಇದೆಯಲ್ಲ" ಅಂದ. ವಾಪಸ್ ಹೋದೆವು. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ನಾನು ಕೆಳಗಿಳಿದೆ. ಆ ಒಂದು ರಾತ್ರಿಯಲ್ಲಿ ನನಗೇನೂ ಧೈರ್ಯ ಬಂದಿರಲಿಲ್ಲ; ಹೊತ್ತು ಬದಲಾಗಿತ್ತು, ಕೈಗವಸು ಬದಲಾಗಿತ್ತು, ಇಳಿಯುವ ರೀತಿ ಬದಲಾಗಿತ್ತು. ಇವನ್ನೆಲ್ಲ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಒಳ್ಳೆಯದಿತ್ತು ಅನ್ನಿಸಿದ್ದಕ್ಕೆ ಬರೆಯುತ್ತಿದ್ದೇನೆ.

ಜಾಗ ಯಾವುದು ಅಂತ ಹೇಳಿಬಿಡುತ್ತೇನೆ. ಅಮೆರಿಕದ ಅರಿಝೋನಾದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್‌ನ ಒಂದು ಪಕ್ಕದ ಕಣಿವೆಯಲ್ಲಿ ಹವಾಸುಪೈ ಜನರ ನೆಲ. ಹವಾಸುಪೈ ಅಂದರೆ ನೀಲಿ-ಹಸಿರು ನೀರಿನ ಜನ. ಸುತ್ತ ಕೆಂಪು ಬಂಡೆ, ಕಳ್ಳಿ, ಒಣ ಮರುಭೂಮಿ. ಅದರ ನಡುವೆ ವರ್ಷವಿಡೀ ಹರಿಯುವ ಒಂದು ತೊರೆ, ಆ ತೊರೆಯಲ್ಲಿ ಐದು ಜಲಪಾತ. ಹೆಚ್ಚು ಜನ ಫೋಟೋದಲ್ಲಿ ನೋಡಿರುವುದು ಹವಾಸು ಜಲಪಾತ, ಸುಮಾರು 100 ಅಡಿ ಎತ್ತರ. ಅದಕ್ಕೆ ಇಳಿಯುವುದು ಕಷ್ಟವೇನಲ್ಲ. ಅದರಿಂದ ಕೆಳಗಿರುವ ಮೂನಿ ಜಲಪಾತ ಸುಮಾರು 200 ಅಡಿ. ಅದರ ಬುಡ ಮುಟ್ಟಬೇಕೆಂದರೆ ಪಕ್ಕದ ಬಂಡೆಗೋಡೆಯಲ್ಲೇ ಇಳಿಯಬೇಕು. ನಾನು ಸಾಗರದವಳು, ಜೋಗದ ಗುಂಡಿಗೆ ಮೆಟ್ಟಿಲಿಳಿದು ಬೆಳೆದವಳು. ಅದೇ ನಂಬಿಕೆಯಲ್ಲಿ ಹೋಗಿದ್ದೆ. ಆದರೆ ಮೆಟ್ಟಿಲಿಳಿಯುವುದು ಬೇರೆ, ಗೋಡೆ ಇಳಿಯುವುದು ಬೇರೆ.

ಮೊದಲು ಅನುಮತಿಯ ವಿಷಯ. ಒಂದೇ ದಿನದಲ್ಲಿ ಹೋಗಿ ಬರಲು ಇಲ್ಲಿ ಬಿಡುವುದಿಲ್ಲ. ಕ್ಯಾಂಪ್ ಜಾಗದ ಬುಕಿಂಗ್ ಮೂರು ರಾತ್ರಿ, ನಾಲ್ಕು ದಿನದ್ದು. ದರ ತಲೆಗೆ ನೂರಾರು ಡಾಲರ್, ಹಣ ವಾಪಸ್ ಬರುವುದಿಲ್ಲ. ದರ, ನಿಯಮ ಎರಡೂ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹವಾಸುಪೈ ಬುಡಕಟ್ಟಿನವರ ಅಧಿಕೃತ ಬುಕಿಂಗ್ ತಾಣವನ್ನೇ ನೋಡಿ. ವರ್ಷದ ಆರಂಭದಲ್ಲೇ ಹೆಚ್ಚಿನ ದಿನಗಳು ತುಂಬಿಹೋಗುತ್ತವೆ. ನಮಗೆ ಸಿಕ್ಕಿದ್ದು ಯಾರೋ ಬಿಟ್ಟುಕೊಟ್ಟ ಬುಕಿಂಗ್, 2024ರ ಏಪ್ರಿಲ್‌ನದ್ದು. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ತಾಣ ತೆರೆದು ನೋಡುವುದನ್ನು ರೂಢಿ ಮಾಡಿಕೊಂಡೆ, ಮೂರನೆಯ ವಾರಕ್ಕೆ ಸಿಕ್ಕಿತು.

ಫೀನಿಕ್ಸ್ ಕಡೆಯಿಂದ ನಾಲ್ಕೂವರೆ ಗಂಟೆ ಕಾರಿನ ದಾರಿ. ರೂಟ್ 66 ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ, ರಸ್ತೆ ಮುಗಿದು ನಡಿಗೆ ಶುರುವಾಗುವ ವಾಲಪೈ ಹಿಲ್‌ಟಾಪ್‌ವರೆಗೆ ಸುಮಾರು 100 ಕಿಲೋಮೀಟರ್ ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ತಿರುಗುವ ಮುಂಚೆಯೇ ಟ್ಯಾಂಕ್ ತುಂಬಿಸಿಕೊಳ್ಳಿ. ರಾತ್ರಿ ಆ ರಸ್ತೆಯಲ್ಲಿ ದನ, ಜಿಂಕೆ ಅಡ್ಡ ಬರುತ್ತವೆ, ನಿಧಾನ ಓಡಿಸಿ.

ಹಿಲ್‌ಟಾಪ್‌ನಿಂದ ಸುಪೈ ಹಳ್ಳಿಗೆ 8 ಮೈಲಿ, ಅಲ್ಲಿಂದ ಕ್ಯಾಂಪ್‌ಗೆ ಇನ್ನೆರಡು, ಒಟ್ಟು 16 ಕಿಲೋಮೀಟರ್. ಹಳ್ಳಿ ಬರುವ ತನಕ ಕುಡಿಯುವ ನೀರು ಸಿಗುವುದಿಲ್ಲ. ತಲೆಗೆ ಮೂರು ಲೀಟರ್ ಹೊತ್ತುಕೊಳ್ಳಿ. ನಾವು ಕತ್ತಲಿರುವಾಗಲೇ ತಲೆದೀಪ ಕಟ್ಟಿಕೊಂಡು ಹೊರಟೆವು. ಶುರುವಿನ ಕಡಿದಾದ ತಿರುವುಗಳು ಕಳೆದರೆ ಉಳಿದದ್ದೆಲ್ಲ ಒಣ ಹಳ್ಳದ ಮರಳಿನ ದಾರಿ. ಹೇಸರಗತ್ತೆಗಳ ಸಾಲು ಎದುರಾದರೆ ಗೋಡೆಯ ಕಡೆಗೆ ಒತ್ತರಿಸಿ ನಿಲ್ಲಿ, ಕಣಿವೆಯ ಕಡೆಗಲ್ಲ. ಅವು ದಾರಿ ಬಿಡುವುದಿಲ್ಲ. ಸುಪೈಗೆ ಟಪಾಲು ಈಗಲೂ ಹೇಸರಗತ್ತೆಯ ಮೇಲೇ ಬರುತ್ತದೆ.

ಹಳ್ಳಿಯೊಳಗೆ ನಡೆಯುವಾಗ ಕ್ಯಾಮೆರಾ ಒಳಗಿಡಿ. ಅದು ಜನ ಸಂಸಾರ ಮಾಡುವ ಊರು. 1882ರಲ್ಲಿ ಸರ್ಕಾರ ಹವಾಸುಪೈ ಜನರಿಗೆ ಉಳಿಸಿದ್ದು 518 ಎಕರೆ ಮಾತ್ರ. ಬೇಟೆಯಾಡುತ್ತಿದ್ದ, ಚಳಿಗಾಲ ಕಳೆಯುತ್ತಿದ್ದ ಮೇಲಿನ ಬಯಲೆಲ್ಲ ಕೈತಪ್ಪಿಹೋಯಿತು. ಹೋರಾಡಿ 1975ರಲ್ಲಿ ಸುಮಾರು 1,85,000 ಎಕರೆ ವಾಪಸ್ ಪಡೆದರು. ಇದು ಗೊತ್ತಿದ್ದರೆ ಮದ್ಯ ತರಬೇಡಿ, ಡ್ರೋನ್ ಹಾರಿಸಬೇಡಿ, ಕೇಳದೆ ಫೋಟೋ ತೆಗೆಯಬೇಡಿ ಅನ್ನುವ ನಿಯಮಗಳು ಯಾಕಿವೆ ಅಂತ ಬೇರೆ ಹೇಳಬೇಕಾಗಿಲ್ಲ.

ಕ್ಯಾಂಪ್‌ನಲ್ಲಿ ಕುಡಿಯಲು ಫರ್ನ್ ಸ್ಪ್ರಿಂಗ್ ಅನ್ನುವ ಒರತೆ ಇದೆ. ಆದರೂ ಶೋಧಿಸಿಯೇ ಕುಡಿಯಿರಿ. ಬೆಂಕಿ ಹಾಕುವಂತಿಲ್ಲ, ಗ್ಯಾಸ್ ಒಲೆ ಆಗುತ್ತದೆ. ನಾನು ಗೊಜ್ಜವಲಕ್ಕಿಯ ಪುಡಿ ಕಲಸಿದ ಅವಲಕ್ಕಿ ತರಿ ಒಯ್ದಿದ್ದೆ. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಊಟ ಸಿದ್ಧ. ಅಳಿಲುಗಳು ಚೀಲವನ್ನೇ ಕಡಿದು ತೂತು ಮಾಡುತ್ತವೆ, ತಿಂಡಿಯನ್ನು ಗಟ್ಟಿ ಡಬ್ಬದಲ್ಲಿಡಿ. ನಮ್ಮ ಚಿಕ್ಕಿ ಪೊಟ್ಟಣ ಮೊದಲ ದಿನವೇ ಅವುಗಳ ಪಾಲಾಯಿತು.

ಇನ್ನು ಮೂನಿ. ಎಲ್ಲರಂತೆ ನಾನೂ 16 ಕಿಲೋಮೀಟರ್ ನಡಿಗೆಗೆ ತಯಾರಾಗಿದ್ದೆ, ಈ 200 ಅಡಿಗೆ ಆಗಿರಲಿಲ್ಲ. ನಡಿಗೆಗೆ ಕಾಲು ಬೇಕು, ಇಲ್ಲಿ ಬೇಕಾದದ್ದು ಕೈಯ ಹಿಡಿತ. ಹೊರಡಲು ಎರಡು ತಿಂಗಳಿದೆ ಅನ್ನುವಾಗಲೇ ಒಂದು ಕಂಬಿಗೆ ಜೋತುಬೀಳುವ ಅಭ್ಯಾಸ ಶುರುಮಾಡಿ. ಮೊದಲ ದಿನ ಹತ್ತು ಸೆಕೆಂಡ್ ಆದರೂ ಸಾಕು. ಗೋಡೆಗೆ ಏಣಿ ಇಟ್ಟು, ಮುಖ ಗೋಡೆಗೆ ಮಾಡಿ, ಕೆಳಗೆ ನೋಡದೆ ಕಾಲಿನಿಂದಲೇ ಮೆಟ್ಟಿಲು ಹುಡುಕಿ ಇಳಿಯಿರಿ. ಫೀನಿಕ್ಸ್‌ನಲ್ಲಿರುವವರಿಗೆ ಕ್ಯಾಮೆಲ್‌ಬ್ಯಾಕ್ ಬೆಟ್ಟದ ಎಕೋ ಕ್ಯಾನ್ಯನ್ ದಾರಿ ಒಳ್ಳೆಯದು. ಕಂಬಿ ಹಿಡಿದು ಬಂಡೆಯ ಮೇಲೆ ಹತ್ತಿ ಇಳಿಯುವ ಜಾಗಗಳು ಅಲ್ಲಿವೆ. ಹತ್ತಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇಳಿದದ್ದನ್ನು ಲೆಕ್ಕ ಹಾಕಿ. ಬೆಂಗಳೂರಿನಿಂದ ಹೊರಡುವವರಿಗೆ ಸಾವನದುರ್ಗದ ಇಳಿಜಾರು ಇದೆ.

ಮೊದಲ ದಿನ ನಾನು ಮಾಡಿದ ತಪ್ಪುಗಳು ಮೂರು. ಮಧ್ಯಾಹ್ನ ಹೋದೆ. ಆ ಹೊತ್ತಿಗೆ ಇಳಿಯುವವರು ಹತ್ತುವವರು ಎರಡೂ ಕಡೆ ಸಾಲು ನಿಂತಿರುತ್ತಾರೆ, ಹಿಂದಿನಿಂದ ಅವಸರ, ಸರಪಳಿಯೆಲ್ಲ ಒದ್ದೆ ಕೈಗಳ ಕೆಸರು. ಹಾಕಿಕೊಂಡಿದ್ದದ್ದು ತೊಗಲಿನ ಕೈಗವಸು, ಒದ್ದೆಯಾದ ಕೂಡಲೇ ಜಾರತೊಡಗಿತು. ಮೂರನೆಯದು, ತಮ್ಮ ನನ್ನ ಹಿಂದಿದ್ದ.

ಮರುದಿನ ಆರೂವರೆಗೆ ಸುರಂಗದ ಬಾಯಲ್ಲಿದ್ದೆವು. ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ. ಅಂಗೈಗೆ ರಬ್ಬರ್ ಬಳಿದ, ತೋಟದ ಕೆಲಸಕ್ಕೆ ಹಾಕುವ ಅಗ್ಗದ ಕೈಗವಸು ಪಕ್ಕದ ಗುಡಾರದವರು ಕೊಟ್ಟಿದ್ದರು. ಊರುಗೋಲು, ಫೋನು ಎಲ್ಲ ಚೀಲದೊಳಗೆ. ಈ ಸಲ ತಮ್ಮ ಮೊದಲು ಇಳಿದ. ಕೆಳಗಿನಿಂದ ನನ್ನ ಪಾದ ನೋಡುತ್ತ ಹೇಳುತ್ತಿದ್ದ: "ಎಡಗಾಲು ಇನ್ನೊಂದು ಚೂರು ಕೆಳಗೆ ಬಿಡು ಅಕ್ಕ... ಇನ್ನೂ... ಹಾಂ, ಅಲ್ಲೇ ಊರು." ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಯಾವಾಗಲೂ ಮೂರು ಬಂಡೆಗೋ ಏಣಿಗೋ ಅಂಟಿರಬೇಕು. ನಾಲ್ಕನೆಯದು ಮಾತ್ರ ಸರಿಯಬೇಕು. ಏಣಿಯ ಮೇಲೆ ಒಂದು ಸಲಕ್ಕೆ ಒಬ್ಬರೇ.

ಮುಖ ಬಂಡೆಗೆ ಅಷ್ಟು ಹತ್ತಿರ ಇದ್ದಾಗಲೇ ಆ ಕಲ್ಲನ್ನು ಸರಿಯಾಗಿ ನೋಡಿದ್ದು. ಹಿಡಿದ ಅಂಚಿನಲ್ಲಿ ಒಂದು ಎಲೆಯ ಅಚ್ಚು, ನರದ ಗೆರೆಗಳೂ ಕಾಣುವಷ್ಟು ಸ್ಪಷ್ಟ. ಈ ತೊರೆಯ ನೀರಿನಲ್ಲಿ ಕರಗಿದ ಸುಣ್ಣದ ಅಂಶ ಹೇರಳ. ನೀರು ಧುಮುಕಿ ಗಾಳಿಗೆ ಸಿಕ್ಕಾಗ ಅದು ಎಲೆ, ಕೊಂಬೆ, ಬಂಡೆ ಎಲ್ಲದರ ಮೇಲೂ ಗಟ್ಟಿಯಾಗಿ ಕೂರುತ್ತದೆ. ಟ್ರಾವರ್ಟೀನ್ ಅನ್ನುತ್ತಾರೆ. ಇಡೀ ಗೋಡೆ ಹಾಗೆ ಬೆಳೆದದ್ದು, ಮಡಿಕೆ ಮಡಿಕೆಯಾಗಿ ತೂಗುಬಿಟ್ಟ ಪರದೆಯ ಹಾಗೆ. ಆ ಮಡಿಕೆಗಳೇ ಕೈಗೆ ಹಿಡಿ, ಕಾಲಿಗೆ ಮೆಟ್ಟಿಲು. ನೀರಿಗೆ ಆ ನೀಲಿ ಬಣ್ಣ ಬರುವುದಕ್ಕೂ ಇದೇ ಸುಣ್ಣ ಕಾರಣ. 1880ರ ದಶಕದ ಆರಂಭದಲ್ಲಿ ಅದಿರು ಹುಡುಕಲು ಬಂದ ಮೂನಿ ಅನ್ನುವವನು ಹಗ್ಗದಲ್ಲಿ ಇಳಿಯಲು ಹೋಗಿ ಇಲ್ಲೇ ಬಿದ್ದು ಸತ್ತ. ಸುರಂಗಗಳನ್ನು ಆಮೇಲೆ ಗಣಿಯವರು ಕೊರೆದದ್ದು.

ಕೆಳಗೆ ಮುಟ್ಟಲು ನನಗೆ ಅರ್ಧ ಗಂಟೆ ಹಿಡಿಯಿತು. ಕೊನೆಯ ಏಣಿಯಿಂದ ಮರಳಿನ ಮೇಲೆ ಕಾಲಿಟ್ಟು, ಕೈಗವಸು ಕಳಚಿ, ನೀರಿನಲ್ಲಿ ಮುಖ ತೊಳೆದೆ. ಧುಮುಕುವ ನೀರಿನ ಗಾಳಿಗೆ ಎದುರು ನಿಲ್ಲಲು ಆಗುವುದಿಲ್ಲ. ಅಷ್ಟೊಂದು ನೀರು, ಅಂಥ ಮರುಭೂಮಿಯಲ್ಲಿ. ತಮ್ಮ ಏನೋ ಕೂಗಿ ಹೇಳಿದ, ಕೇಳಿಸಲಿಲ್ಲ.

ಇಳಿದವರು ಅಲ್ಲಿಂದ ಸುಮಾರು ಮೂರು ಮೈಲಿ ಮುಂದಿರುವ ಬೀವರ್ ಜಲಪಾತಕ್ಕೂ ಹೋಗಿಬನ್ನಿ. ತೊರೆಯನ್ನು ಹಲವು ಸಲ ದಾಟಬೇಕು, ಹಿಂಬದಿ ಪಟ್ಟಿ ಇರುವ ನೀರಿನ ಚಪ್ಪಲಿ ಬೇಕು. ಮಧ್ಯಾಹ್ನದ ಸಾಲು ಶುರುವಾಗುವ ಮುಂಚೆ ಮೂನಿಗೆ ವಾಪಸ್ ಬಂದು ಹತ್ತಿಬಿಡಿ. ಹತ್ತುವುದು ಇಳಿಯುವುದಕ್ಕಿಂತ ಸುಲಭ, ಕಾಲಿಡುವ ಜಾಗ ಕಣ್ಣಿಗೆ ಕಾಣುತ್ತದೆ.

ಮಳೆಯ ಮಾತು ಹೇಳದೆ ಬಿಡಲಾರೆ. ಬೇಸಿಗೆಯ ಕೊನೆಯಲ್ಲಿ ಇಲ್ಲಿ ಮುಂಗಾರು ಉಂಟು. ಎಲ್ಲೋ ದೂರದಲ್ಲಿ ಸುರಿದ ಮಳೆ ಕಣಿವೆಗೆ ದಿಢೀರನೆ ನುಗ್ಗುತ್ತದೆ, ತಲೆಯ ಮೇಲೆ ಆಕಾಶ ಶುಭ್ರವಾಗಿದ್ದರೂ ಸರಿ. ನಾವು ಬಂದ ನಾಲ್ಕು ತಿಂಗಳಿಗೆ, ಆಗಸ್ಟ್ 22ರಂದು ಅಂಥ ಪ್ರವಾಹ ಬಂತು. ಒಬ್ಬ ಹೆಣ್ಣುಮಗಳು ಪ್ರಾಣ ಕಳೆದುಕೊಂಡರು, ನೂರಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರಿನಲ್ಲಿ ಹೊರಗೆ ತಂದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜುಲೈ, ಆಗಸ್ಟ್ ಬಿಟ್ಟುಬಿಡಿ. ಯಾವ ತಿಂಗಳಾದರೂ ಗುಡಾರ ಹಾಕುವ ಮುಂಚೆ ಎತ್ತರದ ಜಾಗಕ್ಕೆ ಹೋಗುವ ದಾರಿ ನೋಡಿಟ್ಟುಕೊಳ್ಳಿ. ನೀರು ಇದ್ದಕ್ಕಿದ್ದಂತೆ ಕೆಂಪಗಾದರೆ ಸಾಮಾನು ಬಿಟ್ಟು ಮೇಲಕ್ಕೆ ಹತ್ತಿ.

ವಾಪಸ್ ಬರುವ ದಿನ ಸುಮಾರು 700 ಮೀಟರ್ ಏರು, ಅದರಲ್ಲಿ ತೀರಾ ಕಡಿದಾದದ್ದು ಕೊನೆಯ ಎರಡು ಮೂರು ಕಿಲೋಮೀಟರ್. ಬಿಸಿಲು ಬರುವ ಮುಂಚೆ ಅಲ್ಲಿ ತಲುಪಬೇಕು. ನಾವು ಮೂರು ಗಂಟೆಗೇ ಗುಡಾರ ಕಿತ್ತೆವು. ಕಾರಿನಲ್ಲಿ ಒಂದು ಐಸ್ ಪೆಟ್ಟಿಗೆಯಲ್ಲಿ ನೀರು, ಕಿತ್ತಳೆ ಬಿಟ್ಟು ಹೋಗಿ, ಮರೆಯಬೇಡಿ. ನಾಲ್ಕು ದಿನಕ್ಕೆ ಐಸೆಲ್ಲ ಕರಗಿತ್ತು, ಹಣ್ಣು ಇನ್ನೂ ತಣ್ಣಗಿತ್ತು. ಕಾರಿನ ನೆರಳಲ್ಲಿ ಕೂತು ನಾಲ್ಕು ನಾಲ್ಕು ತಿಂದೆವು. ತಮ್ಮ ಸಿಪ್ಪೆಗಳನ್ನು ಆಯ್ದು ಕಸದ ಚೀಲಕ್ಕೆ ಹಾಕಿ ಗಂಟು ಕಟ್ಟಿದ. ರಬ್ಬರ್ ಕೈಗವಸನ್ನು ಬೆಳಿಗ್ಗೆ ಹೊರಡುವಾಗಲೇ, ಹಿಂದಿನ ದಿನವಷ್ಟೇ ಬಂದು ಗುಡಾರ ಹಾಕಿದ್ದ ಒಬ್ಬ ಹುಡುಗಿಗೆ ಕೊಟ್ಟು ಬಂದಿದ್ದೆ.