ಹುಳ ಅಂಟದ ಹಿಂಭಾಗ: ಪೋರ್ಶೆ 917 ಕಲಿಸಿದ ಟೆಸ್ಟಿಂಗ್ ಪಾಠ

ನಾನು ಬಸ್ ಬಾಡಿ ಕಟ್ಟುವ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ಹೊಸ ಬಸ್ಸನ್ನು ರೋಡಿಗೆ ಇಳಿಸಿ ಓಡಿಸುವುದು, ಎಲ್ಲಿ ನೀರು ಸೋರುತ್ತದೆ, ಎಲ್ಲಿ ಧೂಳು ನುಗ್ಗುತ್ತದೆ, ಯಾವ ಪ್ಯಾನೆಲ್ ಅದುರುತ್ತದೆ ಅಂತ ಹುಡುಕಿ ಡಿಸೈನ್‌ನವರಿಗೆ ತಿಳಿಸುವುದು ನಮ್ಮ ಕೆಲಸ. ತಂಡಕ್ಕೆ ಹೊಸಬರು ಸೇರಿದಾಗ ಅವರಿಗೆ 1969ರ ಒಂದು ರೇಸ್ ಕಾರಿನ ಕಥೆ ತಪ್ಪದೆ ಹೇಳುತ್ತೇನೆ. ಬಸ್ಸಿಗೂ ಜರ್ಮನ್ ರೇಸ್ ಕಾರಿಗೂ ಏನು ಸಂಬಂಧ ಅಂತ ಎಲ್ಲರೂ ಕೇಳುತ್ತಾರೆ. ಗಾಳಿ ಎರಡಕ್ಕೂ ಒಂದೇ. ದೂರು ಹೇಳುವ ಡ್ರೈವರ್‌ನ ಪಾಡೂ ಒಂದೇ.

ಜರ್ಮನ್ ರೇಸ್ ಕಾರು ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು 1930ರ ದಶಕದ ಮರ್ಸಿಡಿಸ್ ಮತ್ತು ಆಟೊ ಯೂನಿಯನ್‌ನ ಬೆಳ್ಳಿ ಬಣ್ಣದ ಕಾರುಗಳು. 1934ರಲ್ಲಿ ತೂಕ ಇಳಿಸಲು ರಾತ್ರೋರಾತ್ರಿ ಬಿಳಿ ಬಣ್ಣ ಕೆರೆದು ತೆಗೆದರು, ಕೆಳಗಿನ ಅಲ್ಯುಮಿನಿಯಂ ಹೊಳೆಯಿತು ಅನ್ನುವ ಕಥೆ ಕೇಳಲು ಚೆಂದ. ಅದು ನಿಜವೇ ಎಂಬ ಬಗ್ಗೆ ಇತಿಹಾಸ ಬರೆದವರಲ್ಲೇ ಒಮ್ಮತವಿಲ್ಲ. ನನಗೆ ಪೋರ್ಶೆ 917ರ ಕಥೆಯೇ ದೊಡ್ಡದು. ಅಷ್ಟು ಬುದ್ಧಿವಂತರು ಸೇರಿ ಮಾಡಿದ ಕಾರು ಮೊದಲ ವರ್ಷ ಓಡಿಸುವವರನ್ನೇ ಹೆದರಿಸಿತ್ತು. ಆ ಹೆದರಿಕೆಗೆ ಕಾರಣ ಸಿಕ್ಕ ರೀತಿ ನಮ್ಮಂಥ ಕೆಲಸ ಮಾಡುವವರೆಲ್ಲ ತಿಳಿದಿರಬೇಕಾದದ್ದು.

ಆಗಿನ ನಿಯಮದ ಪ್ರಕಾರ 5 ಲೀಟರ್‌ವರೆಗಿನ ಎಂಜಿನ್ ಹಾಕಬೇಕಾದರೆ ಕನಿಷ್ಠ 25 ಕಾರುಗಳನ್ನು ಕಟ್ಟಿ ತೋರಿಸಬೇಕಿತ್ತು. ಇಷ್ಟು ದುಡ್ಡು ಸುರಿಯಲು ಯಾರೂ ಮುಂದೆ ಬರಲಾರರು ಅಂತ ನಿಯಮ ಮಾಡಿದವರು ಅಂದುಕೊಂಡಿದ್ದರು. ಪೋರ್ಶೆಯ ರೇಸಿಂಗ್ ಹೊಣೆ ಹೊತ್ತಿದ್ದ ಫರ್ಡಿನಾಂಡ್ ಪಿಯೆಖ್ ಮುಂದೆ ಬಂದರು. ಹ್ಯಾನ್ಸ್ ಮೆಟ್ಸ್‌ಗರ್ ಎಂಜಿನ್ ರೂಪಿಸಿದರು: 4.5 ಲೀಟರ್, 12 ಸಿಲಿಂಡರ್, ಅಡ್ಡ ಮಲಗಿಸಿದ ದೊಡ್ಡ ಫ್ಯಾನ್‌ನಿಂದ ಗಾಳಿಯಲ್ಲೇ ತಂಪಾಗುವಂಥದ್ದು. 1968ರ ಬೇಸಿಗೆಯಲ್ಲಿ ಶುರುವಾದ ಕೆಲಸ, 1969ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನಕ್ಕೆ ಕಾರು ಬಂದಿತ್ತು. ಏಪ್ರಿಲ್‌ನಲ್ಲಿ ಸ್ಟುಟ್‌ಗಾರ್ಟ್‌ನ ಕಾರ್ಖಾನೆ ಅಂಗಳದಲ್ಲಿ 25 ಕಾರುಗಳು ಸಾಲಾಗಿ ನಿಂತವು. ಬೇಕಾದ್ದನ್ನು ಓಡಿಸಿ ನೋಡಿ ಅಂತ ಪಿಯೆಖ್ ತಪಾಸಣೆಗೆ ಬಂದವರಿಗೆ ಹೇಳಿದರು. ಅವರು ಬೇಡ ಅಂದರು.

ಈ ಕಾರಿನಲ್ಲಿ ತೂಕದ ಲೆಕ್ಕ ಎಷ್ಟು ಬಿಗಿಯಿತ್ತು ಅಂದರೆ ಗೇರ್ ಲಿವರ್‌ನ ಗುಂಡು ಕೂಡ ಬಾಲ್ಸಾ ಮರದ್ದು. ಬೆರಳಲ್ಲಿ ಒತ್ತಿದರೆ ತಗ್ಗಾಗುವಷ್ಟು ಹಗುರದ ಮರ ಅದು. ಚಾಸಿ, ಅಂದರೆ ಕಾರಿನ ಚೌಕಟ್ಟು, ಅಲ್ಯುಮಿನಿಯಂ ಪೈಪುಗಳದ್ದು, ತೂಕ 50 ಕಿಲೊ ಕೂಡ ಇಲ್ಲ. ಅಷ್ಟು ತೆಳು ಪೈಪಿನ ವೆಲ್ಡಿಂಗ್ ಬಿರುಕು ಬಿಟ್ಟರೆ ಗೊತ್ತಾಗುವುದು ಹೇಗೆ? ಪೈಪುಗಳೊಳಗೆ ಒತ್ತಡದಲ್ಲಿ ಗ್ಯಾಸ್ ತುಂಬಿಟ್ಟಿದ್ದರು. ಒತ್ತಡ ಇಳಿದರೆ ಎಲ್ಲೋ ಬಿರುಕು ಬಿಟ್ಟಿದೆ ಅಂತ ಅರ್ಥ. ದಿನವಿಡೀ ವೆಲ್ಡಿಂಗ್ ಜಾಯಿಂಟ್ ನೋಡುವ ನನಗೆ ಇದನ್ನು ಓದಿದಾಗ ಎದ್ದು ಕೈಮುಗಿಯಬೇಕು ಅನ್ನಿಸಿತ್ತು.

ಇಷ್ಟೆಲ್ಲ ಸರಿ. ಆದರೆ ಕಾರು ನೇರ ಹೋಗುತ್ತಿರಲಿಲ್ಲ.

24 ಗಂಟೆಯ ರೇಸ್ ನಡೆಯುವ ಫ್ರಾನ್ಸಿನ ಲೆ ಮಾನ್ ಟ್ರ್ಯಾಕ್‌ನಲ್ಲಿ ಆಗ ಸುಮಾರು 6 ಕಿಲೋಮೀಟರ್ ಉದ್ದದ ಒಂದೇ ನೇರ ರಸ್ತೆ ಇತ್ತು. ಅಲ್ಲಿ ಗೆಲ್ಲಬೇಕಾದರೆ ಗಾಳಿ ತಡೆ ಕಡಿಮೆ ಇರಬೇಕು ಅನ್ನುವುದು ಪೋರ್ಶೆಯವರ ಬಲವಾದ ನಂಬಿಕೆ. ಅದಕ್ಕೇ ಹಿಂಬದಿ ಉದ್ದ, ನುಣುಪು, ಕೆಳಕ್ಕೆ ಇಳಿಜಾರು. ವೇಗ ಗಂಟೆಗೆ 300 ಕಿಲೋಮೀಟರ್ ದಾಟಿದಾಗ ಆ ಹಿಂಬದಿ ನೆಲ ಬಿಟ್ಟು ಏಳಲು ನೋಡುತ್ತಿತ್ತು. ಡ್ರೈವರ್‌ಗಳು ರಸ್ತೆಯ ಅಗಲವೆಲ್ಲ ಬಳಸಿ ಕಾರನ್ನು ಹಿಡಿದುಕೊಳ್ಳಬೇಕಾಗಿತ್ತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕ್‌ನ 1000 ಕಿಲೋಮೀಟರ್ ರೇಸಿಗೆ ಕಂಪನಿಯ ಡ್ರೈವರ್‌ಗಳು ಇದನ್ನು ಓಡಿಸಲು ಒಪ್ಪಲಿಲ್ಲ. ಕೊನೆಗೆ ಹೊರಗಿನಿಂದ ಡೇವಿಡ್ ಪೈಪರ್, ಫ್ರಾಂಕ್ ಗಾರ್ಡ್ನರ್ ಎಂಬಿಬ್ಬರನ್ನು ಕರೆಸಿದರು. ಅವರು 8ನೇ ಸ್ಥಾನಕ್ಕೆ ತಂದು ನಿಲ್ಲಿಸಿದರು. ಆಮೇಲೆ ಜೂನ್‌ನಲ್ಲಿ ಲೆ ಮಾನ್. ಸ್ವಂತಕ್ಕೆ 917 ಕೊಂಡಿದ್ದ ಬ್ರಿಟನ್ನಿನ ಜಾನ್ ವೂಲ್ಫ್ ಮೊದಲ ಸುತ್ತಿನಲ್ಲೇ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ವಿಕ್ ಎಲ್ಫರ್ಡ್ ಮತ್ತು ರಿಚರ್ಡ್ ಆಟ್‌ವುಡ್‌ರ 917 ಗಂಟೆಗಟ್ಟಲೆ ಮುಂದಿದ್ದು, ಗೆಲುವು ಇನ್ನೇನು ಸಿಕ್ಕಿತು ಅನ್ನುವಾಗ ಕೆಟ್ಟು ನಿಂತಿತು.

ವೇಗ ಇತ್ತು, ಅದು ಗಡಿಯಾರದಲ್ಲೇ ಕಾಣುತ್ತಿತ್ತು. ಭಯ ಗಡಿಯಾರದಲ್ಲಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಕಥೆಯ ತಿರುಳು ಇರುವುದು ಇಲ್ಲೇ. ಡ್ರೈವರ್ ಬಂದು "ಕಾರು ಅಲೆಯುತ್ತದೆ" ಅಂದರೆ ಅದಕ್ಕೊಂದು ಅಂಕಿ ಇರುವುದಿಲ್ಲ. ಅಂಕಿ ಇಲ್ಲದ ಮಾತಿಗೆ ಮೀಟಿಂಗ್‌ನಲ್ಲಿ ಬೆಲೆ ಸಿಗುವುದು ಕಷ್ಟ.

ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಜೆಲ್ಟ್‌ವೆಗ್‌ನಲ್ಲಿ ಟೆಸ್ಟ್ ಇಟ್ಟುಕೊಂಡರು. ಅಷ್ಟರಲ್ಲಿ ಪೋರ್ಶೆ ತನ್ನ ರೇಸ್ ತಂಡದ ಜವಾಬ್ದಾರಿಯನ್ನು ಇಂಗ್ಲೆಂಡಿನ ಜಾನ್ ವೈಯರ್ ತಂಡಕ್ಕೆ ಕೊಟ್ಟಿತ್ತು. ಆ ವರ್ಷ ಲೆ ಮಾನ್‌ನಲ್ಲಿ ಪೋರ್ಶೆಯನ್ನು ಕೂದಲೆಳೆಯ ಅಂತರದಲ್ಲಿ ಸೋಲಿಸಿದ ಫೋರ್ಡ್ ಜಿಟಿ40 ಇದೇ ವೈಯರ್ ಅವರದ್ದು. ಸೋಲಿಸಿದವನನ್ನೇ ಕರೆದು ಕಾರು ಕೈಗೆ ಕೊಡಲು ದೊಡ್ಡ ಮನಸ್ಸು ಬೇಕು ಅಲ್ವಾ?

ಜೆಲ್ಟ್‌ವೆಗ್‌ನಲ್ಲಿ ಮೊದಲು ಸಸ್ಪೆನ್ಷನ್ ಬದಲಿಸಿ ನೋಡಿದರು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಟೈರ್. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ವೈಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ನಿಂತಿದ್ದ ಕಾರಿನ ಸುತ್ತ ಹೋಗಿ ನೋಡಿದರು. ಗಾಳಿಯಲ್ಲಿ ಸಣ್ಣ ಹುಳಗಳು ಜಾಸ್ತಿ ಇದ್ದ ದಿನಗಳವು. ಮೂತಿಯ ಮೇಲೆ, ಗಾಜಿನ ಮೇಲೆ ಹುಳಗಳು ಅಪ್ಪಚ್ಚಿಯಾಗಿ ಅಂಟಿದ್ದವು. ಹಿಂಬದಿಯ ಇಳಿಜಾರು ಮಾತ್ರ ಹೆಚ್ಚುಕಡಿಮೆ ಸ್ವಚ್ಛ.

ಅಂದರೆ ಆ ಭಾಗಕ್ಕೆ ಗಾಳಿ ಮುಟ್ಟುತ್ತಲೇ ಇಲ್ಲ. ಚಾವಣಿ ದಾಟಿದ ಗಾಳಿ ಬಾಡಿಯನ್ನು ಬಿಟ್ಟು ಮೇಲೆಯೇ ಹಾದುಹೋಗುತ್ತಿದೆ. ಕಾರನ್ನು ಒತ್ತಿ ಹಿಡಿಯಲಿ ಅಂತ ಹಿಂದೆ ಇಟ್ಟಿದ್ದೆಲ್ಲ ಸುಮ್ನೆ ಇದೆ. ಡ್ರೈವರ್‌ಗಳು ವರ್ಷವಿಡೀ ಹೇಳುತ್ತಿದ್ದ ಮಾತಿಗೆ ಬಾಡಿಯ ಮೇಲೇ ಸಾಕ್ಷಿ ಇತ್ತು.

ಅಲ್ಲೇ ಅಲ್ಯುಮಿನಿಯಂ ಶೀಟ್ ಕತ್ತರಿಸಿ, ಸ್ಕ್ರೂ ಹೊಡೆದು, ಟೇಪ್ ಅಂಟಿಸಿ, ಹಿಂಬದಿಯನ್ನು ಗಿಡ್ಡ ಮಾಡಿ ಮೇಲಕ್ಕೆ ಏರಿಸಿದರು. ನೋಡಲು ಏನೇನೂ ಚೆನ್ನಾಗಿರಲಿಲ್ಲ. ಬ್ರಯನ್ ರೆಡ್‌ಮನ್ ಓಡಿಸಲು ಹೋದರು. ಮುಂಚೆ ಒಂದೆರಡು ಸುತ್ತಿಗೇ ಒಳಗೆ ಬರುತ್ತಿದ್ದವರು ಈ ಸಲ ಸುತ್ತು ಹೊಡೆಯುತ್ತಲೇ ಇದ್ದರು. ಲ್ಯಾಪ್ ಸಮಯ ನೋಡುವ ಮೊದಲೇ ಫಲಿತಾಂಶ ಗೊತ್ತಾಗಿರಬೇಕು. ಓಡಿಸುವವನು ತಾನಾಗಿ ವಾಪಸ್ ಬರಲು ಮನಸ್ಸು ಮಾಡುತ್ತಿಲ್ಲ ಅನ್ನುವುದಕ್ಕಿಂತ ಒಳ್ಳೆಯ ಟೆಸ್ಟ್ ರಿಪೋರ್ಟ್ ಯಾವುದಿದೆ?

ಆ ಗಿಡ್ಡ ಹಿಂಬದಿಯ ಕಾರೇ 917ಕೆ. 1970ರಲ್ಲಿ ಸುರಿವ ಮಳೆಯಲ್ಲಿ ಹ್ಯಾನ್ಸ್ ಹೆರ್ಮನ್ ಮತ್ತು ಆಟ್‌ವುಡ್ ಪೋರ್ಶೆಗೆ ಲೆ ಮಾನ್‌ನ ಮೊದಲ ಒಟ್ಟಾರೆ ಗೆಲುವು ತಂದುಕೊಟ್ಟರು. 1971ರಲ್ಲಿ ಹೆಲ್ಮುಟ್ ಮಾರ್ಕೊ ಮತ್ತು ಹೀಸ್ ವಾನ್ ಲೆನ್ನೆಪ್ 24 ಗಂಟೆಯಲ್ಲಿ 5,335 ಕಿಲೋಮೀಟರ್ ಓಡಿಸಿದರು. ಆ ದೂರದ ದಾಖಲೆ ಮುರಿದಿದ್ದು 2010ರಲ್ಲಿ.

ಈಗ ನಮ್ಮ ಬಸ್ಸಿನ ವಿಷಯ. ಬಳ್ಳಾರಿ ಕಡೆಯ ಕೆಂಧೂಳಿನ ರಸ್ತೆಯಲ್ಲಿ ಹಿಂದೆ ಎಂಜಿನ್ ಇರುವ ಒಂದು ಬಸ್ ಟೆಸ್ಟ್ ಮಾಡುತ್ತಿದ್ದೆವು. ಕೊನೆಯ ಸೀಟುಗಳಿಗೆ ಧೂಳು ಬರುತ್ತಿತ್ತು. ಎಲ್ಲರ ಗಮನ ಹಿಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಮತ್ತು ಎಮರ್ಜೆನ್ಸಿ ಬಾಗಿಲಿನ ಮೇಲೆ. ನಮ್ಮ ಡ್ರೈವರ್ ಮಾತ್ರ ಬೇರೆಯೇ ಹೇಳುತ್ತಿದ್ದರು. "ಸರ್, ಮುಂದಿನ ರೂಫ್ ಹ್ಯಾಚ್ ತೆಗೆದಾಗಲೇ ಧೂಳು ಜಾಸ್ತಿ. ಮುಚ್ಚಿದ್ರೆ ಅಷ್ಟಿಲ್ಲ." ಮೇಲೆ ಮುಂದೆ ಇರುವ ಕಿಂಡಿಗೂ ಹಿಂದೆ ಕೆಳಗೆ ಬರುವ ಧೂಳಿಗೂ ಏನು ಸಂಬಂಧ ಅಂತ ಆಫೀಸಿನಲ್ಲಿ ಆ ಮಾತನ್ನು ಪಕ್ಕಕ್ಕಿಟ್ಟಿದ್ದರು.

ನನಗೆ ಹುಳಗಳು ನೆನಪಾದವು. ಬಸ್ ವಾಪಸ್ ಬಂದಾಗ ವಾಷಿಂಗ್‌ನವರನ್ನು ತಡೆದು, ತೊಳೆಯುವ ಮೊದಲು ಒಳಗೆ ಟಾರ್ಚ್ ಹಿಡಿದು ನೋಡಿದೆವು. ಹಿಂದಿನ ಗಾಜಿನ ಬೀಡಿಂಗ್ ಸುತ್ತ ಏನೂ ಇಲ್ಲ. ಕೊನೆಯ ಸೀಟಿನ ಕೆಳಗೆ ಎಂಜಿನ್ ಮುಚ್ಚುವ ಫ್ಲಾಪ್ ಇರುತ್ತದಲ್ಲ, ಅದರ ಎಡ ಮೂಲೆಯಿಂದ ಕೆಂಪು ಧೂಳು ಬೀಸಣಿಗೆ ಬಿಚ್ಚಿದಂತೆ ಹರಡಿತ್ತು. ಮೂಲೆಯಲ್ಲಿ ದಟ್ಟ, ದೂರ ಹೋದಂತೆ ತೆಳು. ಎಲ್ಲಿಂದ ಬಂತು, ಯಾವ ಕಡೆ ಹೋಯಿತು, ಎರಡೂ ಅಲ್ಲೇ ಬರೆದಿತ್ತು. ರೂಫ್ ಹ್ಯಾಚ್ ತೆರೆದರೆ ಚಾವಣಿ ಮೇಲೆ ಓಡುವ ಗಾಳಿ ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ಒಳಗೆ ಒತ್ತಡ ಇಳಿಯುತ್ತದೆ. ಆಗ ಬಸ್ಸಿನ ಕೆಳಗಿನ ಧೂಳು ಸಿಕ್ಕ ಸಂದಿಯಿಂದ ಒಳಗೆ ಬರುತ್ತದೆ. ಡ್ರೈವರ್ ಹೇಳಿದ್ದು ಅಕ್ಷರಶಃ ಸರಿ. ಫ್ಲಾಪಿನ ಚಿಲಕವನ್ನು ಬಿಗಿ ಮಾಡಿ, ಮೂಲೆಗೆ ದಪ್ಪ ಬೀಡಿಂಗ್ ಹಾಕಿದ ಮೇಲೆ ಧೂಳು ನಿಂತಿತು.

ಇದಕ್ಕೆ ವಿರುದ್ಧದ ಕಥೆಯೂ ಜರ್ಮನ್ ಕಾರಿನದ್ದೇ. ಅದನ್ನೂ ಹೊಸಬರಿಗೆ ಹೇಳುತ್ತೇನೆ. 1999ರ ಲೆ ಮಾನ್‌ಗೆ ಮರ್ಸಿಡಿಸ್ ಸಿಎಲ್‌ಆರ್ ಎಂಬ ಕಾರು ತಂದಿತ್ತು. ಚಕ್ರಗಳ ನಡುವಿನ ಅಂತರ ಕಡಿಮೆ, ಮುಂದೆಯೂ ಹಿಂದೆಯೂ ಬಾಡಿ ಉದ್ದ ಚಾಚಿಕೊಂಡಿತ್ತು. ಗುರುವಾರ ಮಾರ್ಕ್ ವೆಬ್ಬರ್ ಇದನ್ನು ಓಡಿಸುವಾಗ ಮೂತಿ ಎದ್ದು ಕಾರು ಗಾಳಿಯಲ್ಲಿ ಪಲ್ಟಿ ಹೊಡೆಯಿತು. ಕಾರನ್ನು ರಿಪೇರಿ ಮಾಡಿದರು. ಶನಿವಾರ ಬೆಳಿಗ್ಗೆ ಅದೇ ವೆಬ್ಬರ್, ಅದೇ ರೀತಿ ಮತ್ತೆ ಪಲ್ಟಿ. ಆಮೇಲೂ ಉಳಿದ ಎರಡು ಕಾರುಗಳ ಮೂತಿಗೆ ಸಣ್ಣ ರೆಕ್ಕೆಗಳನ್ನು ಅಂಟಿಸಿ, ಬೇರೆ ಕಾರಿನ ಹಿಂದೆ ತೀರ ಹತ್ತಿರ ಹೋಗಬೇಡಿ ಅಂತ ಡ್ರೈವರ್‌ಗಳಿಗೆ ಹೇಳಿ ರೇಸಿಗೆ ಬಿಟ್ಟರು. ಸಂಜೆ ಪೀಟರ್ ಡಂಬ್ರೆಕ್‌ರ ಕಾರು ಟಿವಿ ಕ್ಯಾಮೆರಾ ಎದುರೇ ಹಾರಿ, ತಡೆಗೋಡೆ ದಾಟಿ ಮರಗಳ ನಡುವೆ ಬಿತ್ತು. ಅವರು ಬದುಕಿದ್ದು ಪುಣ್ಯ. ಉಳಿದಿದ್ದ ಕಾರನ್ನು ಮರ್ಸಿಡಿಸ್ ಕೂಡಲೇ ವಾಪಸ್ ಕರೆಸಿಕೊಂಡಿತು. ಆ ವರ್ಷ ಗೆದ್ದಿದ್ದು ಬಿಎಂಡಬ್ಲ್ಯು.

ಮರ್ಸಿಡಿಸ್‌ಗೆ ಇದು ಎಂಥ ಜಾಗ ಅನ್ನುವುದು ನೆನಪಿರಬೇಕು. 1955ರಲ್ಲಿ ಇದೇ ಲೆ ಮಾನ್‌ನಲ್ಲಿ ಅವರ 300 ಎಸ್‌ಎಲ್‌ಆರ್ ಜನರ ನಡುವೆ ಬಿದ್ದು 80ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆ ಚರಿತ್ರೆ ಇರುವ ಕಂಪನಿ 1999ರಲ್ಲಿ ಎರಡನೇ ಪಲ್ಟಿ ಆದ ಮೇಲೂ ರೇಸಿಗೆ ಇಳಿದಿದ್ದನ್ನು ನಾನು ಇವತ್ತಿಗೂ ಒಪ್ಪಲಾರೆ. ಮೊದಲ ಸಲ ಹಾರಿದಾಗಲೇ ಕಾರು ಎಲ್ಲವನ್ನೂ ಹೇಳಿತ್ತು. ಡ್ರೈವರ್ ಅದನ್ನು ಮೈಯಲ್ಲೇ ಅನುಭವಿಸಿ ಬಂದಿದ್ದ.

ನಮ್ಮಲ್ಲಿ ಈಗ ಎರಡು ಪದ್ಧತಿ ಬಂದಿದೆ. ಟೆಸ್ಟ್ ಶೀಟಿನಲ್ಲಿ ಡ್ರೈವರ್ ಹೇಳಿದ್ದನ್ನು ಅವರ ಮಾತಿನಲ್ಲೇ, ತಿದ್ದದೆ ಬರೆಯಬೇಕು. "ಬಾಲ ಅಲ್ಲಾಡಿಸ್ತದೆ" ಅಂದರೆ ಹಾಗೇ ಬರೆಯುತ್ತೇವೆ, ಅದನ್ನು ಕಂಪನ ಅಂತ ತಿದ್ದುವುದಿಲ್ಲ. ಯಾಕೆಂದರೆ ಕಂಪನ ಅಂತ ಬರೆದ ಕೂಡಲೇ ಓದಿದವರು ಎಂಜಿನ್ ಮೌಂಟಿಂಗ್ ಹುಡುಕಲು ಹೋಗುತ್ತಾರೆ. ಇನ್ನೊಂದು, ರೋಡ್ ಟೆಸ್ಟ್‌ನಿಂದ ಬಂದ ಬಸ್ಸನ್ನು ಸುತ್ತ ನಿಂತು ನೋಡಿ, ಫೋಟೊ ತೆಗೆದ ಮೇಲೆಯೇ ವಾಷಿಂಗ್‌ಗೆ ಬಿಡುವುದು. ಒಂದು ಗಂಟೆ ತಡವಾಗುತ್ತದೆ ಅಂತ ಶಿಫ್ಟ್‌ನವರಿಗೆ ಬೇಜಾರಿದೆ. ಅದೊಂದರಲ್ಲಿ ಮಾತ್ರ ನಾನು ಬಗ್ಗುವುದಿಲ್ಲ.