ಜೋಡಿ ಡಿಸ್ಕಿಗೂ ಜಾಗ ಸಾಲದಾಗ

ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು 96 ಕಿಲೋಹರ್ಟ್ಸ್, 24 ಬಿಟ್‌ನ ಉನ್ನತ ಗುಣಮಟ್ಟದಲ್ಲಿ ಡಿಜಿಟಲ್ ಮಾಡಿದರೆ ಗಂಟೆಗೆ ಸುಮಾರು 2 ಜಿಬಿ ನುಂಗುತ್ತದೆ. ಅರ್ಥಧಾರಿಗಳೋ ಬೆಳಗಾಗುವವರೆಗೆ ಮಾತು ನಿಲ್ಲಿಸುವವರಲ್ಲ! ಸಾಗರದ ನಮ್ಮ ಮನೆಯ ಆಡಿಯೊ ಸರ್ವರ್ ಭರ್ತಿಯಾಗಿ, 2 ಟಿಬಿ ಡಿಸ್ಕ್‌ಗಳ ಜಾಗಕ್ಕೆ ಈಗ 8 ಟಿಬಿಯ ಜೋಡಿ ಬಂದಿದೆ.

ಎರಡು ಡಿಸ್ಕ್‌ಗಳಲ್ಲೂ ಒಂದೇ ಪ್ರತಿ ಇರುವ ವ್ಯವಸ್ಥೆ ಇದು, ರೇಡ್ 1. ಒಂದನ್ನು ತೆಗೆದು ಹೊಸದನ್ನು ಹಾಕಿದರೆ ಉಳಿದದ್ದರಿಂದ ಎಲ್ಲವೂ ಅದಕ್ಕೆ ನಕಲಾಗುತ್ತದೆ. ಆಮೇಲೆ ಇನ್ನೊಂದರ ಸರದಿ. ಎರಡೂ ಬದಲಾಗಿ, ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಅನ್ನು ಹಿಗ್ಗಿಸುವವರೆಗೆ ಹೆಚ್ಚಿನ ಜಾಗ ಕಾಣಿಸದು. ಎಂಟೂ ಎಂಟೂ ಹದಿನಾರು ಎಂದು ಅಪ್ಪಯ್ಯ ಲೆಕ್ಕ ಹಾಕಿದ್ದರು. ಸಿಗುವುದು ಎಂಟೇ ಎಂದಾಗ, ‘ದುಡ್ಡು ಮಾತ್ರ ಹದಿನಾರಕ್ಕೆ ಕೊಟ್ಟೆಯಲ್ಲ ಮಾರಾಯ’ ಎಂದರು.

ನಕಲು ಮುಗಿಯುವವರೆಗೆ ಸರ್ವರ್‌ನಲ್ಲಿರುವುದು ಒಂದೇ ಪೂರ್ಣ ಪ್ರತಿ. ಹೊರಗೆ ಆಷಾಢದ ಮಳೆ, ಲೈನಿನ ಮೇಲೆ ಯಾವಾಗ ಮರ ಬೀಳುತ್ತದೋ. ಯುಪಿಎಸ್‌ನ ಹಸಿರು ದೀಪವನ್ನೇ ನೋಡುತ್ತ ಕುಳಿತಿದ್ದೇನೆ. ಇಂಥ ಜೋಡಿಯನ್ನು ಬ್ಯಾಕಪ್ ಎಂದು ನಂಬುವಂತಿಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆಗಲೇ ಅಳಿಯುತ್ತದೆ. ಇತ್ತ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತಿದೆ, ಅವುಗಳಲ್ಲಿ ಹಾಡಿದ ಭಾಗವತರಲ್ಲಿ ಕೆಲವರು ಈಗಿಲ್ಲ. ತೆಗೆದ ಹಳೆಯ ಡಿಸ್ಕನ್ನು ಶಿವಮೊಗ್ಗದ ಅಕ್ಕನ ಮನೆಯ ಬೀರುವಿನಲ್ಲಿ ಇಡಬೇಕು. ಅಲ್ಲಿ ತೇವದ ಕಾಟ ಇಷ್ಟಿಲ್ಲ.