ಕರಾವಳಿಯ ಜಗಲಿ

ಜಗಲಿಯನ್ನು ಸಿಂಗರಿಸಲು ಹೊರಟಾಗ, ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳು ಎಷ್ಟು ಚೆನ್ನಾಗಿ ಯೋಚಿಸಿದ್ದವು ಎಂಬುದು ಮನಸ್ಸಿಗೆ ಬಂತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಹೆಸರಾದ ಕೆಂಪು ಹೆಂಚು, ಮಳೆಯ ಎರಚಲು ಒಳಬಾರದಂತೆ ಗೋಡೆಯಿಂದಾಚೆ ಚಾಚಿದ ಇಳಿಜಾರು ಮಾಡು, ಬರಿಗಾಲಿಗೆ ತಂಪೆನಿಸುವ ಕಾವಿಯ ನೆಲ, ಕೇದಗೆ ಜಾತಿಯ ಮುಂಡುಗದ ಓಲೆಯ ಚಾಪೆ, ಇವೆಲ್ಲವೂ ಸೆಕೆ ಮತ್ತು ಮಳೆಗೆ ಉತ್ತರವಾಗಿ ಬಂದು, ಬಳಕೆಯಲ್ಲೇ ಚೆಲುವನ್ನು ಪಡೆದವು. ಗಾಜಿನ ಬುಡ್ಡಿಯಲ್ಲಿ ಚಿಪ್ಪು ತುಂಬಿಡುವ ಅಲಂಕಾರ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಅಂಗಳಕ್ಕೆ ಮರದ ಬೆಂಚೇ ಲೇಸು. ಬೆತ್ತದ ಕುರ್ಚಿಯಾದರೆ, ಬೂಷ್ಟು ಹಿಡಿಯದಂತೆ ಮಳೆಗಾಲಕ್ಕೆ ಮುನ್ನ ಒಳಗಿಡಬೇಕು. ಉಳಿದಂತೆ ಗಾಳಿ ಬರುವ ದಾರಿಯಲ್ಲಿ ಯಾವ ಸಾಮಾನನ್ನೂ ಇಡದಿದ್ದರೆ ಸಾಕು.